ಚುಕ್ಕಿ ಹೆಚ್ಚಿದಷ್ಟೂ ಪುಟ ತಡವರಿಸುವುದೇಕೆ?

ಟಚ್‌ಪ್ಯಾಡ್ ಮೇಲೆ ಎರಡು ಬೆರಳಾಡಿಸಿದರೆ ಲ್ಯಾಪ್‌ಟಾಪ್ ಪರದೆಯಲ್ಲಿ ಪುಟ ಮೇಲಕ್ಕೆ ಸರಿಯುತ್ತದೆ. ನಿಜವಾಗಿ ನೋಡಿದರೆ ಅಲ್ಲಿ ಯಾವುದೂ ಸರಿಯುವುದಿಲ್ಲ. ಪುಟವನ್ನು ಕೊಂಚ ಮೇಲಕ್ಕಿಟ್ಟು ಸಿದ್ಧಪಡಿಸಿದ ಹೊಸ ಚಿತ್ರ ಹಳೆಯ ಚಿತ್ರದ ಜಾಗಕ್ಕೆ ಬರುತ್ತದೆ, ಅದರ ಬೆನ್ನಿಗೇ ಮತ್ತೊಂದು. ಇಂಥ ಒಂದೊಂದು ಪೂರ್ಣ ಚಿತ್ರವೂ ಒಂದು ಫ್ರೇಮ್. ಸಾಮಾನ್ಯ ಪರದೆ ಸೆಕೆಂಡಿಗೆ 60 ಫ್ರೇಮ್ ತೋರಿಸುತ್ತದೆ. ಹಾಗಾಗಿ ಒಂದು ಫ್ರೇಮ್ ತಯಾರಿಸಲು ಕಂಪ್ಯೂಟರಿಗೆ ಸಿಗುವ ಕಾಲ 16.7 ಮಿಲಿಸೆಕೆಂಡ್ ಮಾತ್ರ.

ಈ ಗಡುವಿನಲ್ಲಿ ವಿನಾಯಿತಿ ಇಲ್ಲ. ಪರದೆಯ ಲಯಕ್ಕೆ ಹೊಂದಿಕೊಂಡು ನಡೆಯುವ ವ್ಯವಸ್ಥೆಯಲ್ಲಿ ಕೆಲಸ 18 ಮಿಲಿಸೆಕೆಂಡ್ ಹಿಡಿದರೆ ಹೊಸ ಫ್ರೇಮ್ 1.3 ಮಿಲಿಸೆಕೆಂಡ್ ತಡವಾಗಿ ಬರುವುದಲ್ಲ, ಮುಂದಿನ ಸರದಿಯವರೆಗೂ ಕಾಯುತ್ತದೆ. ಅಲ್ಲಿಯವರೆಗೆ ಹಳೆಯ ಫ್ರೇಮೇ ಇನ್ನೊಮ್ಮೆ ಕಾಣುತ್ತದೆ. ಪ್ರತಿ ಫ್ರೇಮಿಗೂ ಹೀಗೇ ಆದರೆ ವೇಗ ಸೆಕೆಂಡಿಗೆ 30ಕ್ಕೆ ಇಳಿಯಬಹುದು; ಆಗಾಗ ಆದರೆ ಪುಟ ಎಡವಿ ಎಡವಿ ನಡೆಯುತ್ತದೆ. ಸೆಕೆಂಡಿಗೆ 24 ಚಿತ್ರಗಳ ಸಿನಿಮಾ ಕಣ್ಣಿಗೆ ಒಪ್ಪುತ್ತದೆ, ಆದರೆ 30 ಫ್ರೇಮಿನ ಸ್ಕ್ರೋಲ್ ಒಪ್ಪುವುದಿಲ್ಲ. ಸಿನಿಮಾ ನೋಡುಗರ ಕೈಯಲ್ಲಿ ನಡೆಯುವಂಥದ್ದಲ್ಲ. ಸ್ಕ್ರೋಲ್ ಮಾಡುವಾಗ ಬೆರಳು ಎಷ್ಟು ಸರಿಯಿತೆಂದು ಮೆದುಳಿಗೆ ಗೊತ್ತು, ಕಣ್ಣು ಸಾಲಿನ ಬೆನ್ನು ಹತ್ತಿರುತ್ತದೆ. ಅಷ್ಟಿಷ್ಟು ಹಿಂದೆ ಬಿದ್ದರೂ ಅದು ಥಟ್ಟನೆ ಅರಿವಿಗೆ ಬರುತ್ತದೆ.

ಲ್ಯಾಪ್‌ಟಾಪ್‌ಗಳಲ್ಲಿ ಈ ತೊಂದರೆ ಎದ್ದು ಕಂಡದ್ದು 2012ರಲ್ಲಿ. ಆ ವರ್ಷದ ಜೂನ್‌ನಲ್ಲಿ ಆಪಲ್ ಕಂಪನಿ ರೆಟಿನಾ ಪರದೆಯ ಮ್ಯಾಕ್‌ಬುಕ್ ಪ್ರೊ ಬಿಡುಗಡೆ ಮಾಡಿತು. ಅದರ 15.4 ಇಂಚಿನ ಪರದೆಯಲ್ಲಿ ಅಡ್ಡಕ್ಕೆ 2880, ಉದ್ದಕ್ಕೆ 1800 ಚುಕ್ಕಿಗಳು, ಅಂದರೆ ಪಿಕ್ಸೆಲ್‌ಗಳಿದ್ದವು. ಅದೇ ಅಳತೆಯ ಸಾಮಾನ್ಯ ಪರದೆಯಲ್ಲಿ ಇದ್ದದ್ದು 1440 ಮತ್ತು 900. ಎರಡೂ ದಿಕ್ಕಿನಲ್ಲಿ ಪಿಕ್ಸೆಲ್ ಸಂಖ್ಯೆ ಇಮ್ಮಡಿಯಾದಾಗ ಒಟ್ಟು ನಾಲ್ಕು ಪಟ್ಟಾಗುತ್ತದೆ: 12.96 ಲಕ್ಷ ಇದ್ದದ್ದು 51.84 ಲಕ್ಷವಾಯಿತು. ಅಕ್ಷರಗಳು ಅಚ್ಚು ಹಾಕಿದಷ್ಟು ನುಣುಪಾಗಿ ಕಂಡವು, ಆದರೆ ಭಾರವಾದ ಜಾಲಪುಟಗಳನ್ನು ಸ್ಕ್ರೋಲ್ ಮಾಡಿದರೆ ಆ ದುಬಾರಿ ಯಂತ್ರವೂ ತಡವರಿಸುತ್ತಿತ್ತು.

ಪಿಕ್ಸೆಲ್ ನಾಲ್ಕು ಪಟ್ಟಾದ ಮಾತ್ರಕ್ಕೆ ಎಲ್ಲ ಕೆಲಸವೂ ನಾಲ್ಕು ಪಟ್ಟಾಗುವುದಿಲ್ಲ. ಕನ್ನಡದ ‘ಸ್ತ್ರೀ’ ಎಂಬ ಅಕ್ಷರವನ್ನೇ ತೆಗೆದುಕೊಳ್ಳಬಹುದು. ಕಂಪ್ಯೂಟರಿನ ಕಡತದಲ್ಲಿ ಅದು ಒಂದು ಅಕ್ಷರವಲ್ಲ, ಸಾಲಾಗಿ ನಿಂತ ಆರು ಯುನಿಕೋಡ್ ಸಂಕೇತಗಳು: ಸ, ವಿರಾಮ ಚಿಹ್ನೆ, ತ, ಮತ್ತೆ ವಿರಾಮ ಚಿಹ್ನೆ, ರ, ಕೊನೆಗೆ ದೀರ್ಘ ಈಕಾರ. ಈಕಾರವನ್ನು ‘ಸ’ಕ್ಕೆ ಕೂಡಿಸಬೇಕು, ತಕಾರ ರಕಾರಗಳನ್ನು ಒತ್ತಾಗಿಸಿ ಅವುಗಳ ಜಾಗದಲ್ಲಿ ಕೂರಿಸಬೇಕು ಎಂಬ ಲೆಕ್ಕ ಮೊದಲು ನಡೆಯುತ್ತದೆ. ಪರದೆ ಒರಟಾಗಿದ್ದರೂ ನುಣುಪಾಗಿದ್ದರೂ ಈ ಲೆಕ್ಕ ಅಷ್ಟೇ. ಸಾಲು ಎಲ್ಲಿ ಮುರಿಯಬೇಕು, ಚಿತ್ರ ಎಲ್ಲಿ ಕೂರಬೇಕು ಎಂಬ ಪುಟವಿನ್ಯಾಸದ ಲೆಕ್ಕವೂ ಪಿಕ್ಸೆಲ್ ಸಂಖ್ಯೆಯ ಗೊಡವೆಗೆ ಹೋಗುವುದಿಲ್ಲ. ಖರ್ಚು ಏರುವುದು ಅದರ ನಂತರ, ಅಕ್ಷರದ ಗೆರೆಗಳನ್ನು ಪಿಕ್ಸೆಲ್‌ಗಳಾಗಿ ತುಂಬುವಾಗ. ಈ ಖರ್ಚಿನ ಪ್ರತಿಫಲ ಕನ್ನಡಕ್ಕೆ ದೊಡ್ಡದು. ಹಳೆಯ ಪರದೆಗಳಲ್ಲಿ ಸಣ್ಣ ಒತ್ತಕ್ಷರಕ್ಕೆ ಬೆರಳೆಣಿಕೆಯ ಪಿಕ್ಸೆಲ್‌ಗಳಷ್ಟೇ ಸಿಗುತ್ತಿದ್ದು ಅದು ಕಲೆಸಿಹೋಗುತ್ತಿತ್ತು. ದಟ್ಟ ಪರದೆಯಲ್ಲಿ ಅದರ ಬಾಗು ಬಳುಕುಗಳೆಲ್ಲ ಸ್ಪಷ್ಟವಾಗಿ ಮೂಡುತ್ತವೆ.

ಪಿಕ್ಸೆಲ್ ತುಂಬಿದ ಮೇಲೆ ಜೋಡಣೆಯ ಸರದಿ. ಬ್ರೌಸರ್, ಕಡತದ ಕಿಟಕಿ, ಮೇಲಿನ ಪಟ್ಟಿ, ಹಿನ್ನೆಲೆ ಚಿತ್ರ ಎಲ್ಲವೂ ಮೆಮೊರಿಯಲ್ಲಿ ಬೇರೆಬೇರೆ ಚಿತ್ರಗಳಾಗಿರುತ್ತವೆ. ಗ್ರಾಫಿಕ್ಸ್ ಚಿಪ್ ಅವನ್ನು ಒಂದರ ಮೇಲೊಂದು ಇಟ್ಟು ಅಂತಿಮ ಫ್ರೇಮ್ ಮಾಡುತ್ತದೆ. ಇಲ್ಲಿ ಲೆಕ್ಕಾಚಾರಕ್ಕಿಂತ ಮೆಮೊರಿಯ ಓಡಾಟ ದೊಡ್ಡದು. ಒಂದು ಪಿಕ್ಸೆಲ್‌ಗೆ 4 ಬೈಟ್ ಎಂದರೆ 2880×1800ರ ಒಂದು ಫ್ರೇಮ್ ಸುಮಾರು 2.07 ಕೋಟಿ ಬೈಟ್. ಸೆಕೆಂಡಿಗೆ 60 ಫ್ರೇಮ್ ಎಂದರೆ ಸುಮಾರು 124 ಕೋಟಿ ಬೈಟ್, ಅಂದರೆ 1.24 ಗಿಗಾಬೈಟ್. ಇದು ಒಂದು ಸಲ ಬರೆಯುವ ಖರ್ಚು ಮಾತ್ರ. ಕೆಳಗಿನ ಕಿಟಕಿಗಳನ್ನು ಓದುವುದು, ಸಿದ್ಧವಾದ ಫ್ರೇಮನ್ನು ಪರದೆಗೆ ಕಳಿಸಲು ಮತ್ತೆ ಓದುವುದು ಎಲ್ಲವೂ ಇದಕ್ಕೆ ಸೇರುತ್ತವೆ. 2012ರ ಆ ಮ್ಯಾಕ್‌ಬುಕ್‌ನಲ್ಲಿ ಎನ್‌ವಿಡಿಯಾದ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇತ್ತಾದರೂ ಬ್ಯಾಟರಿ ಉಳಿಸಲು ಸಾಮಾನ್ಯ ಕೆಲಸಗಳನ್ನು ಇಂಟೆಲ್ ಎಚ್‌ಡಿ 4000 ನೋಡಿಕೊಳ್ಳುತ್ತಿತ್ತು. ಎಚ್‌ಡಿ 4000ಕ್ಕೆ ಸ್ವಂತ ಮೆಮೊರಿ ಇಲ್ಲ. ಸೆಕೆಂಡಿಗೆ ಗರಿಷ್ಠ 25.6 ಗಿಗಾಬೈಟ್ ಸಾಗಿಸಬಲ್ಲ ಮುಖ್ಯ ಮೆಮೊರಿಯನ್ನು ಅದು ಪ್ರೊಸೆಸರ್ ಜೊತೆ ಹಂಚಿಕೊಳ್ಳಬೇಕಿತ್ತು.

ಬಳಕೆದಾರರು ತಿಳಿಯದೆ ಏರಿಸಿಕೊಳ್ಳುವ ಹೊರೆಯೂ ಒಂದಿದೆ. ಆ ಪರದೆಯಲ್ಲಿ ಹೆಚ್ಚು ಜಾಗ ಸಿಗಲೆಂದು ‘1920×1200ರಂತೆ ಕಾಣಲಿ’ ಎಂಬ ಆಯ್ಕೆ ಮಾಡಿದರೆ ವ್ಯವಸ್ಥೆ ಮೊದಲು ಅದರ ಇಮ್ಮಡಿ ಅಳತೆಯಲ್ಲಿ, ಅಂದರೆ 3840×2400ರಲ್ಲಿ, ಚಿತ್ರ ಬರೆಯುತ್ತದೆ. ಆಮೇಲೆ ಅದನ್ನು 2880×1800ಕ್ಕೆ ಕುಗ್ಗಿಸುತ್ತದೆ. ಪರದೆಯಲ್ಲಿರುವುದು 51.84 ಲಕ್ಷ ಪಿಕ್ಸೆಲ್, ಬರೆಯಬೇಕಾದದ್ದು 92.16 ಲಕ್ಷ. ಲಿನಕ್ಸ್‌ನ ಕೆಲವು ಡೆಸ್ಕ್‌ಟಾಪ್‌ಗಳಲ್ಲೂ 125 ಅಥವಾ 150 ಶೇಕಡಾ ಎಂಬ ನಡುವಣ ಅಳತೆ ಆರಿಸಿದಾಗ ಇದೇ ಹಾದಿ. ನೇರವಾಗಿ ಇಮ್ಮಡಿ ಅಳತೆ ಆರಿಸಿದರೆ ಕುಗ್ಗಿಸುವ ಕೆಲಸವೇ ಇರುವುದಿಲ್ಲ.

ಅಲಂಕಾರಗಳ ಬೆಲೆ ಇನ್ನೂ ಕಡಿದಾಗಿ ಏರುತ್ತದೆ. ಹಿಂದಿನ ಬಣ್ಣ ಮಸುಕಾಗಿ ಕಾಣುವ ಪಾರದರ್ಶಕ ಪಟ್ಟಿಗಳು ಈಗ ಎಲ್ಲೆಲ್ಲೂ ಇವೆ. ಮಸುಕಾಗಿಸುವುದೆಂದರೆ ಪ್ರತಿ ಪಿಕ್ಸೆಲ್‌ಗೂ ಸುತ್ತಲಿನ ಪಿಕ್ಸೆಲ್‌ಗಳ ಬಣ್ಣ ಓದಿ ಸರಾಸರಿ ತೆಗೆಯುವುದು. ದಟ್ಟಣೆ ಇಮ್ಮಡಿಯಾದಾಗ ತುಂಬಬೇಕಾದ ಪಿಕ್ಸೆಲ್ ನಾಲ್ಕು ಪಟ್ಟು. ಮಸುಕು ಕಣ್ಣಿಗೆ ಮೊದಲಿನಷ್ಟೇ ಹರಡಿ ಕಾಣಬೇಕಾದರೆ ಪ್ರತಿಯೊಂದಕ್ಕೂ ಓದಬೇಕಾದ ನೆರೆಯ ಪಿಕ್ಸೆಲ್‌ಗಳೂ ನಾಲ್ಕು ಪಟ್ಟು. ನೇರ ವಿಧಾನದಲ್ಲಿ ಒಟ್ಟು ಕೆಲಸ 16 ಪಟ್ಟಾಗುತ್ತದೆ. ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಎಂದು ಎರಡು ಹಂತದಲ್ಲಿ ಮಾಡುವ ಜಾಣತನದಿಂದ ಅದನ್ನು 8 ಪಟ್ಟಿಗೆ ಇಳಿಸಬಹುದು. ಚಿತ್ರವನ್ನು ಮೊದಲೇ ಸಣ್ಣದಾಗಿಸಿ ಮಸುಕಾಗಿಸಿದರೆ ಇನ್ನಷ್ಟು ಉಳಿತಾಯ.

ಈ ಎಲ್ಲ ಹೊರೆಗೆ ಮೂಲ ಪರಿಹಾರ ಒಂದೇ: ಒಮ್ಮೆ ಬರೆದದ್ದನ್ನು ಮತ್ತೆ ಬರೆಯದಿರುವುದು. ಸ್ಕ್ರೋಲ್ ಮಾಡಿದಾಗ ಪುಟದ ಬಹುಭಾಗ ಹಾಗೇ ಇರುತ್ತದೆ, ಜಾಗ ಮಾತ್ರ ಬದಲಾಗುತ್ತದೆ. ಈಗಿನ ಬ್ರೌಸರ್‌ಗಳು ಪುಟವನ್ನು ಚೌಕಗಳಾಗಿ ವಿಂಗಡಿಸಿ, ಪರದೆಯಿಂದ ಆಚೆಗೂ ಕೆಲವನ್ನು ಮುಂಚಿತವಾಗಿ ಬರೆದು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತವೆ. ಬೆರಳು ಸರಿದಂತೆ ಗ್ರಾಫಿಕ್ಸ್ ಚಿಪ್ ಆ ಸಿದ್ಧ ಚೌಕಗಳನ್ನು ಹೊಸ ಜಾಗದಲ್ಲಿ ಇಡುತ್ತದೆ, ಅಷ್ಟೇ. 2012ರ ಕಥೆಯೇ ಇದಕ್ಕೆ ಸಾಕ್ಷಿ. ಆಪಲ್ ಕಾರ್ಯಾಚರಣಾ ವ್ಯವಸ್ಥೆಯ ಲಯನ್ ಆವೃತ್ತಿಯೊಂದಿಗೆ ಬಂದ ಆ ಮ್ಯಾಕ್‌ಬುಕ್‌ಗೆ ಜುಲೈನಲ್ಲಿ ಮೌಂಟನ್ ಲಯನ್ ಬಂತು. ಅದರ ಸಫಾರಿ ಬ್ರೌಸರ್ ಸ್ಕ್ರೋಲ್ ಕೆಲಸದ ಹೆಚ್ಚಿನ ಪಾಲನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸಿತು, ಪುಟಗಳು ಮೊದಲಿಗಿಂತ ಸರಾಗವಾಗಿ ಓಡಿದವು. ಯಂತ್ರದ ಒಂದು ಬಿಡಿಭಾಗವೂ ಬದಲಾಗಿರಲಿಲ್ಲ.

ಈ ಉಪಾಯಕ್ಕೂ ಮಿತಿಗಳಿವೆ. ದಟ್ಟ ಪರದೆಯಲ್ಲಿ ಒಂದೊಂದು ಚೌಕಕ್ಕೂ ನಾಲ್ಕು ಪಟ್ಟು ಮೆಮೊರಿ ಬೇಕು. ಬೆರಳು ಬರವಣಿಗೆಗಿಂತ ವೇಗವಾಗಿ ಓಡಿದರೆ ಇನ್ನೂ ಬರೆಯದ ಭಾಗ ಖಾಲಿಯಾಗಿ ಕಾಣುತ್ತದೆ. ಪುಟದಲ್ಲಿ ಅಡಗಿರುವ ಪ್ರೋಗ್ರಾಂ ಕೂಡ ಅಡ್ಡಬರಬಹುದು. ಬೆರಳಿನ ಪ್ರತಿ ಚಲನೆಯನ್ನೂ ಮೊದಲು ತನಗೆ ತಿಳಿಸಬೇಕೆಂದು ಅದು ಕೇಳಿಕೊಂಡಿದ್ದರೆ, ಅದರ ಉತ್ತರ ಬರುವ ತನಕ ಬ್ರೌಸರ್ ಸ್ಕ್ರೋಲ್ ಮಾಡುವಂತಿಲ್ಲ. ‘ತಿಳಿಸಿದರೆ ಸಾಕು, ಕಾಯಬೇಕಿಲ್ಲ’ ಎಂದು ಪುಟ ಬರೆಯುವವರು ಮೊದಲೇ ಸೂಚಿಸುವ ಅನುಕೂಲವನ್ನು ಕ್ರೋಮ್ 2016ರಲ್ಲಿ ಒದಗಿಸಿತು.

ಯಂತ್ರಾಂಶವೂ ಬೆಳೆದಿದೆ. 2021ರ 14 ಇಂಚಿನ ಮ್ಯಾಕ್‌ಬುಕ್ ಪ್ರೊ ಪರದೆಯಲ್ಲಿ 3024×1964, ಅಂದರೆ ಸುಮಾರು 59 ಲಕ್ಷ ಪಿಕ್ಸೆಲ್‌ಗಳಿವೆ. ಅದು ಸೆಕೆಂಡಿಗೆ 120 ಫ್ರೇಮ್‌ವರೆಗೂ ತೋರಬಲ್ಲದು, ಹಾಗಾಗಿ ಗಡುವು 8.3 ಮಿಲಿಸೆಕೆಂಡ್‌ಗೆ ಇಳಿಯಿತು. ಅದರ ಎಂ1 ಪ್ರೊ ಚಿಪ್‌ನ ಗ್ರಾಫಿಕ್ಸ್ ಕೂಡ ಮುಖ್ಯ ಮೆಮೊರಿಯನ್ನೇ ಹಂಚಿಕೊಳ್ಳುತ್ತದೆ. ಆದರೆ ಆ ಮೆಮೊರಿಯ ವೇಗ ಸೆಕೆಂಡಿಗೆ 200 ಗಿಗಾಬೈಟ್, 2012ರದ್ದಕ್ಕಿಂತ ಸುಮಾರು ಎಂಟು ಪಟ್ಟು. ಕೆಲಸ ಏರಿದ್ದಕ್ಕಿಂತ ಹೆಚ್ಚಾಗಿ ದಾರಿ ಅಗಲವಾದದ್ದರಿಂದ ಪುಟ ಸರಾಗವಾಗಿ ಸರಿಯುತ್ತದೆ.

ಕೆಲವೊಮ್ಮೆ ದೋಷ ಚಿಪ್‌ನದ್ದೂ ಅಲ್ಲ, ಬ್ರೌಸರ್‌ನದ್ದೂ ಅಲ್ಲ, ಸಂಪರ್ಕದ್ದು. 2001ರಲ್ಲಿ ಐಬಿಎಂ ತಂದ ಟಿ220 ಮಾನಿಟರಿನಲ್ಲಿ 3840×2400 ಪಿಕ್ಸೆಲ್‌ಗಳಿದ್ದವು, ಆದರೆ ಚಿತ್ರ ಬದಲಾಗುತ್ತಿದ್ದದ್ದು ಸೆಕೆಂಡಿಗೆ 41 ಬಾರಿ ಮಾತ್ರ. ಇಂದೂ 4ಕೆ ಮಾನಿಟರನ್ನು ಎಚ್‌ಡಿಎಂಐ 1.4 ಮೂಲಕ ಜೋಡಿಸಿದರೆ ಸಾಮಾನ್ಯವಾಗಿ 30 ಫ್ರೇಮ್‌ಗಿಂತ ಹೆಚ್ಚು ಸಿಗುವುದಿಲ್ಲ. 60 ಬೇಕೆಂದರೆ ಲ್ಯಾಪ್‌ಟಾಪ್, ಕೇಬಲ್, ಮಾನಿಟರ್ ಮೂರರಲ್ಲೂ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಸಾಮರ್ಥ್ಯ ಇರಬೇಕು.

ತಡವರಿಕೆ ಯಾವಾಗ, ಎಲ್ಲಿ ಕಾಣುತ್ತದೆಂಬುದೇ ಅದರ ಕಾರಣದ ಸುಳಿವು. ಒಂದೇ ಜಾಲತಾಣದಲ್ಲಿ ಕಂಡರೆ ಆ ಪುಟದ ಪ್ರೋಗ್ರಾಂ ಮೇಲೆ ಅನುಮಾನ ಪಡಬೇಕು. ಬ್ರೌಸರ್‌ನ ಎಲ್ಲ ಪುಟಗಳಲ್ಲೂ ಕಂಡರೆ ಅದರ ಹಾರ್ಡ್‌ವೇರ್ ಆಕ್ಸಲರೇಷನ್ ಆಯ್ಕೆ ಆರಿಸಿರುವುದೇ ಎಂದು ನೋಡಬೇಕು. ಅದು ಇಲ್ಲದಿದ್ದರೆ ಗ್ರಾಫಿಕ್ಸ್ ಚಿಪ್‌ನ ಕೆಲಸವೂ ಪ್ರೊಸೆಸರ್ ತಲೆಗೆ ಬರುತ್ತದೆ. ಎಲ್ಲ ಕಿಟಕಿಗಳಲ್ಲೂ ಇದ್ದರೆ ಪರದೆಯ ಅಳತೆಯನ್ನು ನೇರ ಇಮ್ಮಡಿಗೆ ತಂದು, ಪಾರದರ್ಶಕ ಅಲಂಕಾರ ನಿಲ್ಲಿಸಿ ನೋಡಬಹುದು. ಹೊರಗಿನ ಮಾನಿಟರಿನಲ್ಲಿ ಮಾತ್ರ ಇದ್ದರೆ ಕೇಬಲ್ ಮತ್ತು ಫ್ರೇಮ್ ದರ ಪರೀಕ್ಷಿಸಬೇಕು. ಮೊದಲು ಚೆನ್ನಾಗಿದ್ದು ಕೆಲಹೊತ್ತಿನ ಬಳಿಕ ಶುರುವಾದರೆ ಬಿಸಿಯೇರಿದ ಚಿಪ್ ತನ್ನ ವೇಗ ತಗ್ಗಿಸಿಕೊಂಡಿರಬಹುದು, ಗಾಳಿಯಾಡುವ ದಾರಿ ಸ್ವಚ್ಛವಾಗಬೇಕು. ಇಷ್ಟನ್ನೂ ನೋಡಿದ ಮೇಲೂ ತೊಂದರೆ ಉಳಿದರೆ ಮಾತ್ರ ಹೊಸ ಯಂತ್ರದ ಮಾತು.