ಕಂಪನಿಯ ನೋಟಿಸ್ ಕೋರ್ಟಿನ ಆದೇಶವಲ್ಲ

ಕುಶಾಲನಗರದಿಂದ ಮಡಿಕೇರಿಗೆ ಹೋಗುವ ಹೆದ್ದಾರಿ ಬದಿಯ ಅಂಗಡಿಗಳಲ್ಲಿ ಕಾಫಿ ಪುಡಿ, ಜೇನುತುಪ್ಪ, ಏಲಕ್ಕಿ, ಕರಿಮೆಣಸು, ಕಾಚಂಪುಳಿ, ಮನೆಯಲ್ಲೇ ಮಾಡಿದ ಚಾಕೊಲೇಟ್ ಸಾಲಾಗಿ ಜೋಡಿಸಿರುತ್ತಾರೆ. ಪೊಟ್ಟಣಗಳ ಮೇಲೆ ಹೆಚ್ಚಾಗಿ ಕಾಣುವ ಹೆಸರು ಕೂರ್ಗ್, ಕೊಡಗು, ಕಾವೇರಿ. ಅದು ಬಿಟ್ಟರೆ ಮಾಲೀಕರ ಮನೆತನದ ಹೆಸರು. ಇವನ್ನು ತಯಾರಿಸುವವರು ಸಣ್ಣ ತೋಟದವರು, ಹೋಮ್‌ಸ್ಟೇ ನಡೆಸುವವರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಮೊದಲೆಲ್ಲ ಊರಿನ ಸಂತೆ, ಪ್ರವಾಸಿಗರ ಚೀಲ, ಅಲ್ಲಿಗೆ ಮುಗಿಯುತ್ತಿದ್ದ ವ್ಯಾಪಾರ ಈಗ ಆನ್‌ಲೈನ್‌ನಲ್ಲೂ ನಡೆಯುತ್ತದೆ. ಹೆಸರು ದೂರ ಹೋದಷ್ಟೂ ಅದೇ ಹೆಸರಿನ ಮೇಲೆ ಹಕ್ಕಿದೆ ಎನ್ನುವ ದೊಡ್ಡ ಕಂಪನಿಯೊಂದರ ಕಣ್ಣಿಗೆ ಬೀಳುವ ಸಾಧ್ಯತೆಯೂ ಹೆಚ್ಚು. ಆಮೇಲೆ ಬರುವುದು ವಕೀಲರ ನೋಟಿಸ್.

ಇಂಥ ನೋಟಿಸ್‌ಗಳ ಧಾಟಿ ಹೆಚ್ಚುಕಡಿಮೆ ಒಂದೇ. ನಮ್ಮ ಕಕ್ಷಿದಾರರ ಸೂಚನೆಯ ಮೇರೆಗೆ ಎಂದು ಶುರುವಾಗಿ, ಮೊದಲ ಪುಟಗಳಲ್ಲಿ ಕಂಪನಿಯ ವಹಿವಾಟು, ಕೀರ್ತಿ, ನೋಂದಾಯಿತ ಟ್ರೇಡ್‌ಮಾರ್ಕ್‌ಗಳ ಪಟ್ಟಿ ಬರುತ್ತದೆ. ನೀವು ನಮ್ಮ ಹಕ್ಕನ್ನು ಉಲ್ಲಂಘಿಸಿದ್ದೀರಿ ಎಂಬ ಆರೋಪ ನಂತರ. ಕೊನೆಗೆ 7 ಅಥವಾ 15 ದಿನದ ಗಡುವು: ಹೆಸರು ಕೈಬಿಡಿ, ಇರುವ ದಾಸ್ತಾನು ನಾಶಮಾಡಿ, ಈವರೆಗಿನ ಮಾರಾಟದ ಲೆಕ್ಕ ಕೊಡಿ, ಇದರ ಜೊತೆಗಿರುವ ಮುಚ್ಚಳಿಕೆಗೆ ಸಹಿ ಹಾಕಿ ಕಳುಹಿಸಿ, ತಪ್ಪಿದರೆ ಸಿವಿಲ್ ಮತ್ತು ಕ್ರಿಮಿನಲ್ ಕ್ರಮ. ಇದನ್ನು ಓದಿದ ಸಾಮಾನ್ಯರಿಗೆ ಕೋರ್ಟೇ ತೀರ್ಪು ಕೊಟ್ಟಂತೆ ಅನಿಸುವುದು ಸಹಜ. ಆದರೆ ಇದರಲ್ಲಿರುವುದು ಒಂದು ಪಕ್ಷದ ವಾದ ಮಾತ್ರ. ಯಾವ ನ್ಯಾಯಾಧೀಶರೂ ಅದನ್ನು ಪರಿಶೀಲಿಸಿಲ್ಲ, ನಿಮ್ಮ ಮಾತನ್ನು ಯಾರೂ ಕೇಳಿಲ್ಲ. ಹೀಗಿರುವಾಗ ಹೆದರಿ ಸಹಿ ಹಾಕುವುದು ಎಷ್ಟು ಅಪಾಯವೋ, ನೋಟಿಸನ್ನು ಮೂಲೆಗೆ ಎಸೆದು ಸುಮ್ಮನಿರುವುದೂ ಅಷ್ಟೇ ಅಪಾಯ. ದಾಖಲೆ ಸಮೇತ, ಗಡುವಿನೊಳಗೆ, ಬರವಣಿಗೆಯಲ್ಲಿ ಉತ್ತರ ಕೊಡುವುದೇ ಸರಿಯಾದ ದಾರಿ.

ಸಹಿಗೆ ಅವಸರಪಡಬಾರದು ಎನ್ನುವುದಕ್ಕೆ ಗುಜರಾತಿನ ಆಲೂಗಡ್ಡೆ ಬೆಳೆಗಾರರ ಪ್ರಕರಣ ನೋಡಬೇಕು. ಲೇಸ್ ಚಿಪ್ಸ್‌ಗೆ ಬಳಸುವ ಎಫ್‌ಸಿ5 ತಳಿಯ ಆಲೂಗಡ್ಡೆಯನ್ನು ಅನುಮತಿಯಿಲ್ಲದೆ ಬೆಳೆದಿದ್ದಾರೆ ಎಂದು ಪೆಪ್ಸಿಕೋ ಕಂಪನಿ 2019ರಲ್ಲಿ ಅಲ್ಲಿನ ರೈತರ ಮೇಲೆ ದಾವೆ ಹೂಡಿತು. ನಾಲ್ವರಿಂದ ತಲಾ 1 ಕೋಟಿ ರೂಪಾಯಿಗೂ ಮೀರಿದ ಪರಿಹಾರ ಕೇಳಿತು. ಇಲ್ಲಿ ನೋಟಿಸ್ ಹಂತ ದಾಟಿ ಕೋರ್ಟಿನ ಮಧ್ಯಂತರ ತಡೆಯಾಜ್ಞೆಯೂ ಬಂದಿತ್ತು. ಆಮೇಲೆ ಕಂಪನಿ ರಾಜಿಯ ಪ್ರಸ್ತಾಪ ಇಟ್ಟಿತು: ಆ ತಳಿ ಬೆಳೆಯುವುದನ್ನು ಬಿಡಿ, ಇಲ್ಲವೇ ನಮ್ಮ ಒಪ್ಪಂದದ ಕೃಷಿಗೆ ಸೇರಿ. ಆದರೆ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001ರ 39ನೇ ಸೆಕ್ಷನ್, ಬ್ರಾಂಡ್ ಹೆಸರಿನಲ್ಲಿ ಬೀಜ ಮಾರದಿರುವ ತನಕ, ಸಂರಕ್ಷಿತ ತಳಿಯ ಬೀಜವನ್ನೂ ಉಳಿಸಿಕೊಳ್ಳುವ, ಬಿತ್ತುವ, ಹಂಚುವ, ಮಾರುವ ಹಕ್ಕನ್ನು ರೈತನಿಗೆ ಕೊಡುತ್ತದೆ. ರೈತ ಸಂಘಟನೆಗಳು ಇದೇ ಸೆಕ್ಷನ್ ಮುಂದಿಟ್ಟು ನಿಂತವು. ಅದೇ ವರ್ಷದ ಮೇ ತಿಂಗಳಲ್ಲಿ ಕಂಪನಿ ದಾವೆಗಳನ್ನು ವಾಪಸು ಪಡೆಯಿತು. ತಳಿಯ ನೋಂದಣಿಯ ವಿಚಾರ ಬೇರೆಯೇ ಹಾದಿ ಹಿಡಿಯಿತು. 2021ರಲ್ಲಿ ಸಸ್ಯ ತಳಿ ಪ್ರಾಧಿಕಾರ ಅದನ್ನು ರದ್ದುಮಾಡಿದರೂ 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಕಂಪನಿಯ ಪರವಾಗಿ ಆದೇಶ ಕೊಟ್ಟಿತು. ಆದರೆ ರೈತರಿಂದ ಆ ಕೋಟಿಗಳನ್ನು ವಸೂಲು ಮಾಡುವ ಮಾತು 2019ಕ್ಕೇ ಮುಗಿದಿತ್ತು. ಮೊದಲ ವಾರದಲ್ಲೇ ರಾಜಿಗೆ ಸಹಿ ಬಿದ್ದಿದ್ದರೆ 39ನೇ ಸೆಕ್ಷನ್ ಅವರ ಕೈಗೆ ಬರುತ್ತಲೇ ಇರಲಿಲ್ಲ.

ನಮ್ಮ ರಾಜ್ಯದ್ದೇ ಉದಾಹರಣೆ ಬೇಕೆಂದರೆ ನಂದಿನಿ ಹೆಸರಿನ ವ್ಯಾಜ್ಯವಿದೆ. ಕರ್ನಾಟಕ ಹಾಲು ಮಹಾಮಂಡಳದ ನಂದಿನಿ ಹಾಲು 1985ರಿಂದ ಮನೆಮಾತು. ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲ್ 1989ರಿಂದ ನಡೆಯುತ್ತಿದೆ. ಹೋಟೆಲಿನವರು ತಮ್ಮ ಹೆಸರನ್ನು ಆಹಾರ ಪದಾರ್ಥಗಳಿಗೆ ನೋಂದಾಯಿಸಿಕೊಳ್ಳಲು ಹೋದಾಗ ಮಹಾಮಂಡಳ ಆಕ್ಷೇಪ ಎತ್ತಿತು. ರಿಜಿಸ್ಟ್ರಿ ಹೋಟೆಲಿನ ಪರ ನಿಂತಿತು, ಮೇಲ್ಮನವಿ ಮಂಡಳಿ ಮತ್ತು ಹೈಕೋರ್ಟ್ ಮಹಾಮಂಡಳದ ಪರ. 2018ರ ಜುಲೈ 26ರಂದು ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ಹೋಟೆಲಿನ ಹಕ್ಕನ್ನು ಎತ್ತಿಹಿಡಿಯಿತು. ಹಾಗೆ ಮಾಡಲು ನ್ಯಾಯಮೂರ್ತಿಗಳು ನೋಡಿದ್ದೇನು ಎನ್ನುವುದೇ ಇಲ್ಲಿ ಮುಖ್ಯ. ಒಬ್ಬರ ಗುರುತಿನಲ್ಲಿ ಹಸು, ಇನ್ನೊಬ್ಬರದರಲ್ಲಿ ದೀಪ. ಒಬ್ಬರದು ಹಾಲಿನ ವ್ಯಾಪಾರ, ಇನ್ನೊಬ್ಬರದು ಊಟದ ವ್ಯಾಪಾರ. ನಂದಿನಿ ಎಂಬುದು ಪುರಾಣದಿಂದ ಬಂದ ಹೆಸರೇ ಹೊರತು ಯಾರೋ ಹೊಸದಾಗಿ ಸೃಷ್ಟಿಸಿದ್ದಲ್ಲ. ಹೋಟೆಲಿನವರು ಹಾಲು ಮತ್ತು ಹಾಲಿನ ಉತ್ಪನ್ನಗಳಿಗೆ ಆ ಹೆಸರು ಬಳಸುವುದಿಲ್ಲ ಎಂದು ಒಪ್ಪಿಕೊಂಡದ್ದೂ ಲೆಕ್ಕಕ್ಕೆ ಬಂತು. ಮಹಾಮಂಡಳ ಲಕ್ಷಾಂತರ ರೈತರ ಸಂಸ್ಥೆ, ತನ್ನ ಹೆಸರನ್ನು ಕಾಯ್ದುಕೊಳ್ಳಲು ಹೊರಟಿದ್ದರಲ್ಲಿ ದುರುದ್ದೇಶ ಹುಡುಕಬೇಕಿಲ್ಲ. ಆದರೂ ದೊಡ್ಡ ಸಂಸ್ಥೆಯ ಹಕ್ಕಿನ ಗಡಿ ಅದು ಎಣಿಸಿದ್ದಕ್ಕಿಂತ ಚಿಕ್ಕದಾಗಿತ್ತು.

ಕೊಡಗಿನ ಮಟ್ಟಿಗೆ ಈ ಗಡಿ ಇನ್ನೂ ಸ್ಪಷ್ಟ. ಕೂರ್ಗ್ ಎಂಬುದು ಬ್ರಿಟಿಷರ ಕಾಲದಲ್ಲಿ ಒಂದು ಪ್ರಾಂತ್ಯದ ಹೆಸರು, ಸ್ವಾತಂತ್ರ್ಯದ ನಂತರ 1956ರ ನವೆಂಬರ್ 1ರವರೆಗೆ ಒಂದು ಪ್ರತ್ಯೇಕ ರಾಜ್ಯದ ಹೆಸರು. ಟ್ರೇಡ್‌ಮಾರ್ಕ್ ಕಾಯ್ದೆ, 1999ರ 9ನೇ ಸೆಕ್ಷನ್ ಪ್ರಕಾರ, ಸರಕು ಎಲ್ಲಿಯದು ಎಂದು ತಿಳಿಸುವ ಊರಿನ ಹೆಸರೊಂದನ್ನೇ ಸಾಮಾನ್ಯವಾಗಿ ನೋಂದಾಯಿಸುವಂತಿಲ್ಲ. ಬೇರೆ ಪದಗಳ ಜೊತೆ ಸೇರಿಸಿ ಇಡೀ ಗುರುತನ್ನು ನೋಂದಾಯಿಸಿಕೊಂಡರೂ ಅದರೊಳಗಿನ ಸಾಮಾನ್ಯ ಪದದ ಮೇಲೆ ಪ್ರತ್ಯೇಕ ಏಕಸ್ವಾಮ್ಯ ಸಿಗುವುದಿಲ್ಲ ಎನ್ನುತ್ತದೆ 17ನೇ ಸೆಕ್ಷನ್. ಸರಕಿನ ಮೂಲ ಸ್ಥಳವನ್ನು ಪ್ರಾಮಾಣಿಕವಾಗಿ ತಿಳಿಸಲು ಬಳಸಿದ ಪದ ಉಲ್ಲಂಘನೆಯಲ್ಲ ಎನ್ನುವುದು 30ನೇ ಸೆಕ್ಷನ್. ಕಂಪನಿಯ ಬಳಕೆಗೂ ನೋಂದಣಿಗೂ ಮುಂಚಿನಿಂದ ನೀವು ಆ ಹೆಸರಿನಲ್ಲಿ ನಿರಂತರವಾಗಿ ವ್ಯಾಪಾರ ಮಾಡಿದ್ದರೆ 34ನೇ ಸೆಕ್ಷನ್ ನಿಮ್ಮ ಕೈ ಹಿಡಿಯುತ್ತದೆ. ಸ್ವಂತ ಹೆಸರನ್ನು ಪ್ರಾಮಾಣಿಕವಾಗಿ ಬಳಸುವವರಿಗೆ 35ನೆಯದು ರಕ್ಷಣೆ. ಮನೆತನದ ಹೆಸರನ್ನು ಬೆನ್ನಿಗೆ ಕಟ್ಟಿಕೊಂಡೇ ಬದುಕುವ ಕೊಡವರಿಗೆ ಇದು ಸಣ್ಣ ವಿಷಯವಲ್ಲ. ಎಲ್ಲಕ್ಕಿಂತ ಹೆಚ್ಚು ಜನ ತಿಳಿದಿರಬೇಕಾದದ್ದು 142ನೇ ಸೆಕ್ಷನ್. ಆಧಾರವಿಲ್ಲದೆ ದಾವೆಯ ಬೆದರಿಕೆ ಹಾಕಿದವರ ಮೇಲೆ ಬೆದರಿಕೆಗೆ ಒಳಗಾದವರೇ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ, ಈ ಬೆದರಿಕೆ ಅಸಮರ್ಥನೀಯ ಎಂಬ ಘೋಷಣೆ, ಮುಂದೆ ಬೆದರಿಸದಂತೆ ತಡೆಯಾಜ್ಞೆ, ಆದ ನಷ್ಟಕ್ಕೆ ಪರಿಹಾರ ಕೇಳಬಹುದು. ಕಂಪನಿ ತಡಮಾಡದೆ ತಾನೇ ಉಲ್ಲಂಘನೆಯ ದಾವೆ ಹೂಡಿ ನಡೆಸಿದರೆ ಈ ದಾರಿ ಮುಚ್ಚುತ್ತದೆ, ನಿಜ. ಆದರೆ ಬರೀ ಪತ್ರ ಕಳಿಸಿ ಹೆದರಿಸುವವರಿಗೆ ಇದು ಬಲವಾದ ಉತ್ತರ.

ಹಾಗಾದರೆ ಉತ್ತರದಲ್ಲಿ ಏನಿರಬೇಕು? ಮೊದಲು ಕಂಪನಿ ಹೇಳಿದ ನೋಂದಣಿ ಸಂಖ್ಯೆಯನ್ನು ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಜಾಲತಾಣದಲ್ಲಿ ನೋಡಬೇಕು, ಅದಕ್ಕೆ ಹಣ ಕೊಡಬೇಕಿಲ್ಲ. ನೋಂದಣಿ ಜೀವಂತವಿದೆಯೇ, ಯಾವ ವರ್ಗದ ಸರಕಿಗೆ, ಎಂದಿನಿಂದ ಬಳಕೆ, ಯಾವುದಾದರೂ ಷರತ್ತಿದೆಯೇ ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಕಾಫಿಗೆ ಎಂದು ನೋಟಿಸ್ ಕೊಟ್ಟವರ ನೋಂದಣಿ ಬಟ್ಟೆಯ ವರ್ಗದಲ್ಲಿದ್ದರೆ ಅವರ ವಾದ ಅಲ್ಲೇ ಬಹಳ ಸಡಿಲವಾಗುತ್ತದೆ. ನಂತರ ನಿಮ್ಮ ಕಡತ: ಹಳೆಯ ಲೇಬಲ್ ಮುದ್ರಿಸಿದ ಪ್ರೆಸ್ಸಿನ ಬಿಲ್, ಎಫ್‌ಎಸ್‌ಎಸ್‌ಎಐ ಪರವಾನಗಿ, ಪಂಚಾಯಿತಿಯ ಟ್ರೇಡ್ ಲೈಸೆನ್ಸ್, ಜಿಎಸ್‌ಟಿ ದಾಖಲೆ, ಜಾಹೀರಾತಿನ ಪ್ರತಿ. ಹಳೇ ಡಬ್ಬಿಯಲ್ಲಿ ಬಿದ್ದಿರುವ ಪ್ರೆಸ್ಸಿನ ಬಿಲ್ಲೊಂದು ಹತ್ತು ಪುಟದ ವಾದಕ್ಕಿಂತ ಹೆಚ್ಚು ತೂಗುತ್ತದೆ. ಉತ್ತರ ಚಿಕ್ಕದಾಗಿರಲಿ, ಕೋಪದ ಮಾತು ಬೇಡ, ಒಪ್ಪಿಕೊಳ್ಳುವ ಮಾತೂ ಬೇಡ. ಈ ಹೆಸರು ಇಂಥ ವರ್ಷದಿಂದ ಬಳಕೆಯಲ್ಲಿದೆ, ದಾಖಲೆ ಇಲ್ಲಿದೆ, ನಿಮ್ಮ ಆರೋಪ ಒಪ್ಪುವುದಿಲ್ಲ, ಬೇರೆ ಆಧಾರವಿದ್ದರೆ ತಿಳಿಸಿ, ಇಷ್ಟು ಸಾಕು. ವಕೀಲರ ಮೂಲಕ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಬೇಕು. ಜೊತೆಗೆ ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂದು ಕೋರ್ಟಿಗೆ ಕೇವಿಯಟ್ ಸಲ್ಲಿಸಿದರೆ, 90 ದಿನ ನಿಮಗೆ ತಿಳಿಸದೆ ಮಧ್ಯಂತರ ತಡೆಯಾಜ್ಞೆ ತರುವುದು ಕಷ್ಟ. ಕಂಪನಿಗೆ ತನ್ನ ಕಚೇರಿ ಇರುವ ಊರಿನಲ್ಲೂ ದಾವೆ ಹೂಡಲು ಕಾಯ್ದೆ ಅವಕಾಶ ಕೊಡುವುದರಿಂದ ಮಡಿಕೇರಿಯಲ್ಲಷ್ಟೇ ಸಾಕೇ, ಅಲ್ಲೂ ಬೇಕೇ ಎಂದು ವಕೀಲರನ್ನು ಕೇಳಬೇಕು.

ಇಷ್ಟೆಲ್ಲ ಯಾಕೆ, ಹೆಸರು ಬದಲಿಸಿಕೊಂಡರೆ ಆಯಿತಲ್ಲ, ದೊಡ್ಡವರಿಗೆ ಉತ್ತರ ಕೊಡುವುದು ಜೇನುಗೂಡಿಗೆ ಕಲ್ಲು ಹೊಡೆದ ಹಾಗಲ್ಲವೇ ಎಂದು ಕೇಳುವವರಿದ್ದಾರೆ. ಆ ಮಾತಿಗೂ ಆಧಾರವಿದೆ. ಪುಣೆಯಲ್ಲಿ 1992ರಿಂದ ಇರುವ ಬರ್ಗರ್ ಕಿಂಗ್ ಎಂಬ ಹೋಟೆಲಿನ ವಿರುದ್ಧ ಅದೇ ಹೆಸರಿನ ಅಮೆರಿಕದ ಕಂಪನಿ 2011ರಲ್ಲಿ ಹೂಡಿದ ದಾವೆಯನ್ನು ಪುಣೆ ನ್ಯಾಯಾಲಯ 2024ರ ಆಗಸ್ಟ್‌ನಲ್ಲಿ ವಜಾ ಮಾಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್, ಮೇಲ್ಮನವಿ ಮುಗಿಯುವವರೆಗೆ ಆ ಹೆಸರು ಬಳಸದಂತೆ ಹೋಟೆಲನ್ನು ತಡೆಯಿತು. ಹದಿಮೂರು ವರ್ಷದ ಹೋರಾಟ ಎಲ್ಲರಿಗೂ ಆಗುವಂಥದ್ದಲ್ಲ. ಆದರೆ ಉತ್ತರ ಬರೆಯುವುದೆಂದರೆ ಕೊನೆಯವರೆಗೂ ಹೋರಾಡುತ್ತೇನೆ ಎಂದು ಶಪಥ ಮಾಡುವುದಲ್ಲ. ಸತ್ಯಾಂಶ ತಿಳಿದ ಮೇಲೆ ಹೆಸರು ಬಿಡುವುದೇ ಲಾಭ ಎನಿಸಿದರೆ, ದಾಸ್ತಾನು ಮುಗಿಸಲು ಕಾಲಾವಕಾಶ ಕೇಳಿ, ಪರಿಹಾರದ ಬೇಡಿಕೆ ಕೈಬಿಡಿಸಿ, ಮರ್ಯಾದೆಯಿಂದ ಬಿಡಬಹುದು. ಹೆದರಿ ಸಹಿ ಹಾಕಿದವರಿಗೆ ಈ ಯಾವುದೂ ದಕ್ಕುವುದಿಲ್ಲ, ಬರೆದುಕೊಟ್ಟ ಮುಚ್ಚಳಿಕೆ ಅವರ ವಿರುದ್ಧವೇ ಸಾಕ್ಷಿಯಾಗಿ ಉಳಿಯುತ್ತದೆ.

ಇನ್ನೊಂದು ಮಾತನ್ನೂ ನೇರವಾಗಿ ಹೇಳಬೇಕು. ಎಲ್ಲ ನೋಟಿಸ್‌ಗಳೂ ತಪ್ಪಲ್ಲ. ಹೆಸರುವಾಸಿ ಕಂಪನಿಯ ಪೊಟ್ಟಣದ ಬಣ್ಣ, ಅಕ್ಷರ, ಚಿತ್ರ ನಕಲು ಮಾಡಿದವರಿಗೆ ಮೇಲಿನ ಯಾವ ಸೆಕ್ಷನ್ನೂ ಆಸರೆಯಲ್ಲ. ಹಾಡಿನ ಹಕ್ಕಿನ ನೋಟಿಸ್‌ಗೂ ಇದೇ ಮಾತು: ಮದುವೆಯ ಸಂಭ್ರಮದಲ್ಲಿ ಹಾಡು ಹಾಕುವುದಕ್ಕೆ ಕೃತಿಸ್ವಾಮ್ಯ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ, 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದನ್ನು ಸಾರ್ವಜನಿಕ ಪ್ರಕಟಣೆಯಲ್ಲಿ ನೆನಪಿಸಿತು. ಆದರೆ ಅದೇ ವಿನಾಯಿತಿಯನ್ನು ರೆಸಾರ್ಟಿನ ದಿನನಿತ್ಯದ ಹಾಡುಗಳಿಗೆ ಹಚ್ಚಲು ಬರುವುದಿಲ್ಲ. ಹೆಸರಿನ ಕಾನೂನು ಕೊಡಗಿಗೂ ಬೇಕು. ಎಲ್ಲಿಯದೋ ಕಾಫಿಗೆ, ಬೆಲ್ಲದ ಪಾಕ ಬೆರೆಸಿದ ಜೇನಿಗೆ ಕೂರ್ಗ್ ಎಂದು ಬರೆದು ಮಾರುವವರನ್ನು ತಡೆಯಲು ಇರುವುದೂ ಇಂಥದೇ ಕಾನೂನು. ಕೂರ್ಗ್ ಕಿತ್ತಳೆ, ಕೂರ್ಗ್ ಹಸಿರು ಏಲಕ್ಕಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. 2019ರಲ್ಲಿ ಕೂರ್ಗ್ ಅರೇಬಿಕಾ ಕಾಫಿಗೂ ಸಿಕ್ಕಿತು. ಆ ಮಾನ್ಯತೆ ಇರುವ ಬೆಳೆಯನ್ನು ಬೆಳೆಯುವವರು ಅಧಿಕೃತ ಬಳಕೆದಾರರಾಗಿ ತಮ್ಮ ಹೆಸರು ನೋಂದಾಯಿಸಿಕೊಂಡರೆ ನೋಟಿಸ್ ಬಂದ ದಿನ ತೋರಿಸಲು ಗಟ್ಟಿಯಾದ ದಾಖಲೆಯೊಂದು ಇರುತ್ತದೆ. ಬೆಳೆಗಾರರ ಸಂಘಗಳು, ಕಾಫಿ ಮಂಡಳಿಯ ಕಚೇರಿಗಳು ಇದನ್ನು ಸಣ್ಣ ಹಿಡುವಳಿದಾರರ ಮನೆ ಬಾಗಿಲಿಗೆ ತಲುಪಿಸಬೇಕು.

ವಕೀಲರಿಗೆ ಕೊಡಲು ಹಣವಿಲ್ಲ ಎಂದು ಯಾರೂ ಮುಚ್ಚಳಿಕೆಗೆ ಸಹಿ ಹಾಕಬೇಡಿ. ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. 1987ರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ.