ಹೊಟ್ಟೆಗೆ ಕತ್ತರಿ ಹಾಕಿಸೋ ಮುಂಚೆ...

ಹೆರಿಗೆಯಾಗಿ ಎರಡು ವರ್ಷ ಕಳೆದಿದೆ. ಮಗು ಮನೆ ತುಂಬಾ ಓಡಾಡ್ತಿದೆ. ಆದರೂ ಬಸ್ಸಿನಲ್ಲಿ ಯಾರೋ ಹಿರಿಯರು ಎದ್ದು ನಿಮಗೆ ಸೀಟು ಬಿಟ್ಟುಕೊಡ್ತಾರೆ. ಮದುವೆಮನೆಯಲ್ಲಿ ದೂರದ ನೆಂಟರೊಬ್ಬರು ಕಿವಿ ಹತ್ತಿರ ಬಂದು 'ಮತ್ತೆ ವಿಶೇಷಾನಾ?' ಅಂತಾರೆ. ನೀವು ನಕ್ಕು ಸೆರಗು ಸರಿಮಾಡಿಕೊಳ್ತೀರಿ. ಮನೆಗೆ ಬಂದು ಕನ್ನಡಿ ಮುಂದೆ ಪಕ್ಕಕ್ಕೆ ತಿರುಗಿ ನಿಂತು ಉಸಿರು ಬಿಗಿಹಿಡಿದು ನೋಡ್ತೀರಿ. ವಾಕಿಂಗ್ ಆಯ್ತು, ರಾತ್ರಿ ಅನ್ನ ಬಿಟ್ಟಿದ್ದಾಯ್ತು, ಜೀರಿಗೆ ನೀರು ಕುಡಿದದ್ದೂ ಆಯ್ತು. ಕೈಕಾಲು ಸಣ್ಣಗಾದವೇ ಹೊರತು ಹೊಟ್ಟೆ ಇದ್ದ ಹಾಗೇ ಇದೆ. ಅಷ್ಟರಲ್ಲಿ ಮೊಬೈಲಿನಲ್ಲಿ ಒಂದು ಜಾಹೀರಾತು ಕಣ್ಣಿಗೆ ಬೀಳುತ್ತೆ: 'ಟಮ್ಮಿ ಟಕ್, ಒಂದೇ ದಿನದಲ್ಲಿ ಮನೆಗೆ, ಸುಲಭ ಕಂತು ಸೌಲಭ್ಯ.'

ಇಂಥ ಜಾಹೀರಾತು ನೋಡಿ ಆಸೆಯಾದರೆ ತಪ್ಪೇನೂ ಇಲ್ಲ. 'ಎರಡು ಮಕ್ಕಳಾದ ಮೇಲೆ ಇನ್ಯಾಕೆ ಇದೆಲ್ಲ ಷೋಕಿ' ಅನ್ನೋ ಮಾತನ್ನು ಪಕ್ಕಕ್ಕಿಡಿ. ನಿಮ್ಮ ಹೊಟ್ಟೆಯ ಬಗ್ಗೆ ತೀರ್ಮಾನ ಮಾಡಬೇಕಾದವರು ನೀವೇ. ಆದರೆ ಅದು ಹುಬ್ಬು ತೀಡಿಸಿದಷ್ಟು ಸಣ್ಣ ಕೆಲಸವಲ್ಲ, ಪೂರ್ತಿ ಅರಿವಳಿಕೆ ಕೊಟ್ಟು ಮಾಡುವ ದೊಡ್ಡ ಆಪರೇಷನ್. ಹಾಗಾಗಿ ಒಂದಿಷ್ಟು ವಿಷಯ ಮೊದಲೇ ಗೊತ್ತಿರಲಿ.

ಮೊಟ್ಟಮೊದಲು ನಿಮ್ಮ ಹೊಟ್ಟೆ ಯಾಕೆ ಮುಂದೆ ಬಂದಿದೆ ಅಂತ ತಿಳಿಯಬೇಕು. ಇದಕ್ಕೆ ಮೂರು ಕಾರಣ ಇರಬಹುದು, ಮೂರೂ ಒಟ್ಟಿಗೇ ಇರಬಹುದು. ಒಂದು, ಚರ್ಮದ ಕೆಳಗಿನ ಕೊಬ್ಬು. ಎರಡು ಬೆರಳಿನಲ್ಲಿ ಹಿಡಿದರೆ ಕೈಗೆ ಸಿಗುತ್ತಲ್ಲ, ಅದು. ಇನ್ನೊಂದು, ಹೊಟ್ಟೆಯ ಒಳಗೆ ಕರುಳು, ಯಕೃತ್ತಿನ ಸುತ್ತ ಕೂತಿರುವ ಕೊಬ್ಬು. ಇದು ಕೈಗೆ ಸಿಗೋದಿಲ್ಲ, ಹೊಟ್ಟೆ ಗಡಿಗೆಯ ಹಾಗೆ ಗಟ್ಟಿಯಾಗಿ ಮುಂದೆ ಬಂದಿರುತ್ತೆ. ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗಳಿಗೆ ದಾರಿ ಮಾಡಿಕೊಡೋದು ಮುಖ್ಯವಾಗಿ ಇದೇ. ನಮ್ಮ ದೇಶದ ಹೆಂಗಸರಲ್ಲಿ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದರೆ ಎಚ್ಚರವಾಗಬೇಕು ಅಂತಾರೆ ವೈದ್ಯರು. ಈ ಒಳಗಿನ ಕೊಬ್ಬನ್ನು ಯಾವ ಪ್ಲಾಸ್ಟಿಕ್ ಸರ್ಜನ್ನೂ ತೆಗೆಯಲಾರರು. ಅದು ಕರಗಬೇಕಾದರೆ ಊಟ, ನಡಿಗೆ, ನಿದ್ದೆ ಸರಿಯಾಗಬೇಕು.

ಇನ್ನು ಮೂರನೆಯದು, ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲದ್ದು. ಹೊಟ್ಟೆಯ ಮಧ್ಯದಲ್ಲಿ ಮೇಲಿಂದ ಕೆಳಕ್ಕೆ ಎರಡು ಪಟ್ಟಿಯ ಹಾಗೆ ಸ್ನಾಯುಗಳಿವೆ. ಬಸುರಿನಲ್ಲಿ ಹೊಟ್ಟೆ ದೊಡ್ಡದಾದಾಗ ಇವೆರಡೂ ದೂರ ಸರಿಯುತ್ತವೆ. ಹೆರಿಗೆಯಾದ ಮೇಲೆ ಹೆಚ್ಚಿನವರಲ್ಲಿ ಮತ್ತೆ ಹತ್ತಿರ ಬರುತ್ತವೆ, ಕೆಲವರಲ್ಲಿ ಬರೋದಿಲ್ಲ. ಮನೆಯಲ್ಲೇ ನೋಡಿಕೊಳ್ಳಬಹುದು. ಮಂಡಿ ಮಡಚಿ ಅಂಗಾತ ಮಲಗಿ, ಹೊಕ್ಕುಳಿನ ಮೇಲೆ ಬೆರಳುಗಳನ್ನು ಅಡ್ಡಕ್ಕೆ ಇಟ್ಟು, ತಲೆ ಮಾತ್ರ ಸ್ವಲ್ಪ ಎತ್ತಿ. ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗ ತಗ್ಗಾಗಿ ಸಿಕ್ಕರೆ ಸ್ನಾಯು ಇನ್ನೂ ಕೂಡಿಲ್ಲ ಅಂತ ಅರ್ಥ. ಆಗ ಅವರಿವರ ಮಾತು ಕೇಳಿ ಸಿಟ್‌ಅಪ್ ಶುರು ಮಾಡಬೇಡಿ, ಹೊಟ್ಟೆ ಇನ್ನೂ ಉಬ್ಬಬಹುದು. ಫಿಸಿಯೋಥೆರಪಿಸ್ಟ್ ಹತ್ತಿರ ಹೋದರೆ ಇದಕ್ಕೆಂದೇ ಇರುವ ವ್ಯಾಯಾಮ ಹೇಳಿಕೊಡ್ತಾರೆ. ಕೆಲವರಿಗೆ ಅಷ್ಟರಲ್ಲೇ ಬೇಕಾದಷ್ಟು ಗುಣ ಕಂಡು ಆಪರೇಷನ್ ಮಾತೇ ಬರೋದಿಲ್ಲ.

ಅಂದಹಾಗೆ, ಬಾಣಂತನದಲ್ಲಿ ಅಮ್ಮ ಹಳೇ ಸೀರೆ ಹರಿದು ಹೊಟ್ಟೆಗೆ ಬಿಗಿಯಾಗಿ ಕಟ್ಟುತ್ತಿದ್ದರಲ್ಲ? ಅದರಿಂದ ಬೆನ್ನಿಗೆ, ಸೊಂಟಕ್ಕೆ ಆಧಾರ ಸಿಗೋದು ನಿಜ. ಆದರೆ ಕೊಬ್ಬು ಕರಗೋದಿಲ್ಲ, ದೂರ ಸರಿದ ಸ್ನಾಯು ಬಟ್ಟೆಯ ಬಿಗಿಗೆ ಕೂಡಿಕೊಳ್ಳೋದೂ ಇಲ್ಲ. 'ನೀನು ಸರಿಯಾಗಿ ಕಟ್ಟಿಸ್ಕೊಳ್ಳಲಿಲ್ಲ, ಅದಕ್ಕೇ ಹೀಗಾಗಿದೆ' ಅಂತ ಯಾರಾದರೂ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಆಪರೇಷನ್‌ನಲ್ಲಿ ಏನು ಮಾಡ್ತಾರೆ?

ಟೈಲರ್ ಹತ್ತಿರ ಸಡಿಲವಾದ ರವಿಕೆ ಕೊಟ್ಟರೆ ಹೊಲಿಗೆ ಬಿಚ್ಚಿ, ಹೆಚ್ಚಾದ ಬಟ್ಟೆ ಕತ್ತರಿಸಿ, ಮತ್ತೆ ಹೊಲಿದುಕೊಡ್ತಾರಲ್ಲ, ಹೆಚ್ಚುಕಮ್ಮಿ ಹಾಗೇ. ಕಿಬ್ಬೊಟ್ಟೆಯ ಕೆಳಗೆ, ಸೊಂಟದ ಒಂದು ಮೂಳೆಯಿಂದ ಇನ್ನೊಂದು ಮೂಳೆಯವರೆಗೆ ಅಡ್ಡಕ್ಕೆ ಕೊಯ್ಯುತ್ತಾರೆ. ಚರ್ಮವನ್ನು ಮೇಲಕ್ಕೆ ಬಿಡಿಸಿ, ಸರಿದ ಸ್ನಾಯುಗಳನ್ನು ಹತ್ತಿರಕ್ಕೆ ಎಳೆದು ಹೊಲಿಯುತ್ತಾರೆ. ಆಮೇಲೆ ಚರ್ಮ ಕೆಳಕ್ಕೆಳೆದು ಹೆಚ್ಚಾದದ್ದನ್ನು ಕೊಬ್ಬಿನ ಸಮೇತ ತೆಗೆದುಹಾಕುತ್ತಾರೆ. ಹೊಕ್ಕುಳು ಇದ್ದಲ್ಲೇ ಇರುತ್ತೆ, ಮೇಲಿನ ಚರ್ಮಕ್ಕೆ ಹೊಸ ತೂತು ಮಾಡಿ ಅದನ್ನು ಹೊರಗೆ ತಂದು ಹೊಲಿಯುತ್ತಾರೆ. ಎರಡರಿಂದ ನಾಲ್ಕು ಗಂಟೆ ಹಿಡಿಯಬಹುದು. ಹೊಕ್ಕುಳಿನ ಕೆಳಗೆ ಮಾತ್ರ ಚರ್ಮ ಜೋತಿದ್ದರೆ 'ಮಿನಿ' ಅಂತ ಚಿಕ್ಕದೊಂದು ವಿಧಾನವೂ ಇದೆ. ಲೈಪೊಸಕ್ಷನ್ ಇದಲ್ಲ, ಬೇರೆ. ಅದರಲ್ಲಿ ಕೊಳವೆ ಹಾಕಿ ಕೊಬ್ಬು ಹೀರುತ್ತಾರೆ ಅಷ್ಟೇ. ಜೋತ ಚರ್ಮಕ್ಕೂ ಸ್ನಾಯುವಿಗೂ ಅದರಿಂದ ಉಪಯೋಗವಿಲ್ಲ.

ಕಲೆ ಉಳಿಯುತ್ತದೆ. ಒಳಉಡುಪಿನ ಕೆಳಗೆ ಮರೆಯಾಗುವ ಹಾಗೆ ಕೊಯ್ದಿರುತ್ತಾರೆ, ಒಂದು ವರ್ಷದಲ್ಲಿ ಬಣ್ಣ ತಿಳಿಯಾಗುತ್ತೆ, ಆದರೆ ಪೂರ್ತಿ ಹೋಗೋದಿಲ್ಲ. ನಿಮಗೆ ಗಾಯವಾದರೆ ಉಬ್ಬಿದ ಕಲೆಯಾಗುವ ಮೈ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಕಿಬ್ಬೊಟ್ಟೆ ಕೆಲವು ತಿಂಗಳು ಜೋಮು ಹಿಡಿದ ಹಾಗೆ ಇರುತ್ತೆ, ಸ್ವಲ್ಪ ಭಾಗದಲ್ಲಿ ಸ್ಪರ್ಶ ವಾಪಸ್ಸು ಬರದೆಯೂ ಇರಬಹುದು.

ಯಾರಿಗೆ ಬೇಡ?

ತೂಕ ಇಳಿಸೋಕೆ ಇದು ದಾರಿಯೇ ಅಲ್ಲ. ಮೊದಲು ತೂಕ ಇಳಿಸಿ, ಆರು ತಿಂಗಳು ಅದೇ ತೂಕದಲ್ಲಿ ನಿಂತ ಮೇಲೆ ಬನ್ನಿ ಅಂತಾರೆ ಒಳ್ಳೆಯ ಸರ್ಜನ್‌ಗಳು. ಇನ್ನೊಂದು ಮಗು ಬೇಕು ಅನ್ನೋ ಯೋಚನೆ ಇದ್ದರೆ ಸದ್ಯಕ್ಕೆ ಬಿಟ್ಟುಬಿಡಿ. ಆಮೇಲೆ ಬಸುರಾದರೆ ಅಪಾಯ ಅಂತಲ್ಲ, ಹೊಲಿದ ಸ್ನಾಯು ಮತ್ತೆ ಸಡಿಲವಾಗಿ ಹಾಕಿದ ದುಡ್ಡು, ತಿಂದ ನೋವು ಎರಡೂ ದಂಡ. ಹೆರಿಗೆಯಾಗಿ ಕಡೇಪಕ್ಷ ಆರು ತಿಂಗಳಾಗಿರಬೇಕು, ಹಾಲು ಬಿಡಿಸಿಯೂ ಕೆಲವು ತಿಂಗಳು ಕಳೆದಿರಬೇಕು.

'ಹೇಗೂ ಸಿಸೇರಿಯನ್‌ಗೆ ಹೊಟ್ಟೆ ಕೊಯ್ತಾರೆ, ಜೊತೆಗೇ ಇದನ್ನೂ ಮುಗಿಸಿಬಿಟ್ಟರೆ?' ಅಂತ ಕೇಳುವವರಿದ್ದಾರೆ. ಕೇಳೋಕೆ ಜಾಣತನ ಅನ್ನಿಸುತ್ತೆ. ಆದರೆ ಆಗ ಗರ್ಭಕೋಶ ಇನ್ನೂ ದೊಡ್ಡದಾಗೇ ಇರುತ್ತೆ, ಚರ್ಮ ಹಿಗ್ಗಿರುತ್ತೆ, ಎಷ್ಟು ತೆಗೆಯಬೇಕು ಅನ್ನೋ ಅಂದಾಜೇ ಸಿಗೋದಿಲ್ಲ. ಸೋಂಕು, ರಕ್ತ ಹೆಪ್ಪುಗಟ್ಟುವ ಅಪಾಯ ಬೇರೆ. ಸಾಮಾನ್ಯವಾಗಿ ವೈದ್ಯರು ಒಪ್ಪೋದಿಲ್ಲ.

ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇರಬೇಕು. ಸಿಗರೇಟು, ಹೊಗೆಸೊಪ್ಪಿನ ಅಭ್ಯಾಸ ಇದ್ದರೆ ವಾರಗಳ ಮೊದಲೇ ಬಿಡಬೇಕು. ರಕ್ತ ಸಂಚಾರ ಸಾಲದೆ ಹೊಲಿಗೆಯ ಅಂಚಿನ ಚರ್ಮ ಕಪ್ಪಾಗಿ ಸತ್ತುಹೋಗೋದು ಇಂಥವರಲ್ಲೇ ಹೆಚ್ಚು. ಗರ್ಭನಿರೋಧಕ ಮಾತ್ರೆ, ಆಸ್ಪಿರಿನ್, ಯಾರೋ ಕೊಟ್ಟ ಲೇಹ್ಯ, ಪುಡಿ, ಏನೇ ತಗೊಳ್ತಿದ್ದರೂ ಮುಚ್ಚಿಡದೆ ಹೇಳಿ.

ಬಿಂದಿಗೆ ಎತ್ತೋರು ಯಾರು?

ಜಾಹೀರಾತಿನಲ್ಲಿ ಯಾರೂ ಹೇಳದ ಮಾತು ಇದು. ಆಪರೇಷನ್ ಆದ ಮೇಲೆ ಆಸ್ಪತ್ರೆಯಲ್ಲಿ ಒಂದೆರಡು ದಿನ ಇದ್ದು ಮನೆಗೆ ಬರಬಹುದು, ನಿಜ. ಆದರೆ ಯಾವ ಸ್ಥಿತಿಯಲ್ಲಿ? ಹೊಟ್ಟೆಯ ಪಕ್ಕದಿಂದ ಸಣ್ಣ ಟ್ಯೂಬು ಇಳಿಬಿಟ್ಟಿರುತ್ತಾರೆ, ಒಳಗೆ ಸೇರುವ ನೀರು ಅದರ ಡಬ್ಬಿಗೆ ಬರುತ್ತೆ. ದಿನಾ ಅಳತೆ ನೋಡಿ ಬರೆದಿಟ್ಟು ಖಾಲಿ ಮಾಡಬೇಕು. ಮೊದಲ ವಾರ ನೆಟ್ಟಗೆ ನಿಲ್ಲೋಕಾಗದೆ ಬಗ್ಗಿಯೇ ನಡೀಬೇಕು, ಮಂಡಿ ಕೆಳಗೆ ದಿಂಬಿಟ್ಟು ಮಲಗಬೇಕು. ಕೆಮ್ಮು, ಸೀನು ಬಂದರೆ ಪ್ರಾಣ ಹೋದ ಹಾಗಾಗುತ್ತೆ. ಹೊಟ್ಟೆಗೆ ಬಿಗಿಯಾದ ಬೆಲ್ಟು ಸುಮಾರು ಆರು ವಾರ. ನಮ್ಮ ಬೇಸಿಗೆಯಲ್ಲಿ ಬೆವರಿಗೆ ಅದರಡಿ ಬೊಕ್ಕೆ ಏಳುತ್ತೆ, ಆದ್ದರಿಂದ ಚಳಿಗಾಲ ನೋಡಿಕೊಳ್ಳೋದು ಮೇಲು.

ಆ ಆರು ವಾರ ಭಾರ ಎತ್ತುವ ಹಾಗಿಲ್ಲ. ಭಾರ ಅಂದರೆ ಜಿಮ್ಮಿನ ಕಬ್ಬಿಣ ಅಂದ್ಕೊಂಡಿರಾ? ನೀರಿನ ಬಿಂದಿಗೆ, ಒದ್ದೆ ಬಟ್ಟೆಯ ಬಕೆಟ್ಟು, ತುಂಬಿದ ದೊಡ್ಡ ಕುಕ್ಕರ್, ಹಿಟ್ಟಿನ ಡಬ್ಬ, ಎಲ್ಲಾ ಭಾರವೇ. ಎಲ್ಲಕ್ಕಿಂತ ಕಷ್ಟ, 'ಅಮ್ಮಾ ಎತ್ಕೋ' ಅಂತ ಕೈ ಚಾಚೋ ಮಗು. ಎರಡು ವರ್ಷದ ಕೂಸಿಗೆ ಹೊಲಿಗೆ, ಬೆಲ್ಟು ಅಂದರೆ ಏನು ತಿಳಿದೀತು? ಸಿಸೇರಿಯನ್ ಆದಾಗಲಾದರೆ ಬಾಣಂತನಕ್ಕೆ ತವರಿದೆ, ಕೇಳದೆಯೇ ಅಮ್ಮ ಬರ್ತಾರೆ. ಇದಕ್ಕೆ ಯಾರು ಬರ್ತಾರೆ? ಗಂಡ ರಜೆ ಹಾಕ್ತಾರಾ? ಅತ್ತೆಗೆ ಹೇಳ್ತೀರಾ, ಏನಂತ ಹೇಳ್ತೀರಾ? ಸರ್ಜನ್ ಹತ್ತಿರ ಹೋಗೋ ಮೊದಲು ಈ ಮಾತು ಮನೆಯಲ್ಲಿ ಆಗಲಿ. 'ಹರ್ನಿಯಾ ಆಪರೇಷನ್' ಅಂತ ಸುಳ್ಳು ಹೇಳಿ ಎರಡನೇ ವಾರಕ್ಕೇ ಒಲೆ ಮುಂದೆ ನಿಂತರೆ ಹೊಲಿಗೆ ಬಿಡುತ್ತೆ. ಇನ್ನು ಆಸೆ ನಿಮ್ಮದಲ್ಲ, ಗಂಡನ ಚುಚ್ಚುಮಾತಿನಿಂದ ಹುಟ್ಟಿದ್ದು ಅಂತಾದರೆ, ಸರಿಪಡಿಸಬೇಕಾದ್ದು ನಿಮ್ಮ ಹೊಟ್ಟೆಯನ್ನಲ್ಲ.

ಎಲ್ಲಿ, ಯಾರ ಹತ್ತಿರ?

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸಿಕೊಳ್ಳಲು ಹೋಗಿ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಮನೆಯವರಿಗೆ ಹೇಳದೆ ಹೋಗಿದ್ದರು ಅಂತ ಪತ್ರಿಕೆಗಳಲ್ಲಿ ಬಂದಿತ್ತು. ಇಂಥ ಸಾವು ಅಪರೂಪ, ಹೆದರಿಸೋಕೆ ಹೇಳ್ತಿಲ್ಲ. ಆದರೆ ಏನಾದರೂ ಎಡವಟ್ಟಾದರೆ ಆ ಕ್ಷಣಕ್ಕೆ ತೀವ್ರ ನಿಗಾ ಘಟಕ ಅದೇ ಕಟ್ಟಡದಲ್ಲಿ ಇರಬೇಕು. ಬ್ಯೂಟಿ ಕ್ಲಿನಿಕ್ಕಿನ ಮೇಲ್ಮಹಡಿಯಲ್ಲಿ ಮಾಡ್ತೀವಿ ಅಂದರೆ ಎದ್ದು ಬನ್ನಿ.

ಡಾಕ್ಟರ ಬೋರ್ಡಿನಲ್ಲಿ 'ಕಾಸ್ಮೆಟಿಕ್' ಅನ್ನೋ ಪದ ನೋಡಿ ಸುಮ್ಮನಾಗಬೇಡಿ. ಎಂಸಿಎಚ್ ಅಥವಾ ಡಿಎನ್‌ಬಿ ಪ್ಲಾಸ್ಟಿಕ್ ಸರ್ಜರಿ ಅಂತ ಇದೆಯಾ ನೋಡಿ. ಆಸ್ಪತ್ರೆಗೆ ನಮ್ಮ ರಾಜ್ಯದ ಕೆಪಿಎಂಇ ಕಾಯ್ದೆಯಡಿ ನೋಂದಣಿ ಇರಬೇಕು, ಆ ಪ್ರಮಾಣಪತ್ರ ಕಾಣುವ ಹಾಗೆ ಹಾಕಿರಬೇಕು. ಅರಿವಳಿಕೆ ತಜ್ಞರು ಯಾರು, ರಾತ್ರಿ ವಾರ್ಡಿನಲ್ಲಿ ಡಾಕ್ಟರು ಇರ್ತಾರಾ, ಎರಡನೇ ಸಲ ಹೊಲಿಗೆ ಹಾಕಬೇಕಾಗಿ ಬಂದರೆ ಖರ್ಚು ಯಾರದು, ಇವನ್ನೆಲ್ಲ ಸಂಕೋಚವಿಲ್ಲದೆ ಕೇಳಿ. 'ಇವತ್ತೇ ಅಡ್ವಾನ್ಸ್ ಕಟ್ಟಿದರೆ ರಿಯಾಯಿತಿ' ಅನ್ನುವವರಿಗೆ ಮನೆಗೆ ಹೋಗಿ ಯೋಚನೆ ಮಾಡಿ ಹೇಳ್ತೀನಿ ಅನ್ನಿ. ಸೀರೆ ಅಂಗಡಿಯ ಆಷಾಢದ ರಿಯಾಯಿತಿಯೇ ಇದು?

ಮನೆಗೆ ಬಂದ ಮೇಲೆ ಒಂದು ಕಾಲಿನ ಮೀನಖಂಡ ಊದಿ ನೋಯ್ತಿದ್ದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರಬಹುದು, ತಕ್ಷಣ ಆಸ್ಪತ್ರೆಗೆ ಹೊರಡಿ. ಇದನ್ನು ತಪ್ಪಿಸೋಕೇ ಆಪರೇಷನ್ ಆದ ದಿನದಿಂದಲೇ ನಿಮ್ಮನ್ನು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸೋದು. ಜ್ವರ, ಹೊಲಿಗೆಯಿಂದ ವಾಸನೆ, ಹೊಟ್ಟೆ ಒಂದು ಕಡೆ ನೀರು ತುಂಬಿದ ಹಾಗೆ ಉಬ್ಬೋದು, ಇದ್ಯಾವುದಾದರೂ ಕಂಡರೆ ಸರ್ಜನ್‌ಗೆ ಅವತ್ತೇ ತೋರಿಸಿ.

ಕಡೆಗೆ ದುಡ್ಡಿನ ವಿಷಯ. ಖಾಸಗಿ ಆಸ್ಪತ್ರೆಯಲ್ಲಿ ಲಕ್ಷ ದಾಟೋದು ಸಾಮಾನ್ಯ, ಸೌಂದರ್ಯಕ್ಕೆ ಮಾಡಿಸಿದರೆ ಜಿಎಸ್‌ಟಿಯೂ ಸೇರುತ್ತೆ. ಆರೋಗ್ಯ ವಿಮೆ ಇದೆಯಲ್ಲ ಅಂತ ನಂಬಿಕೊಳ್ಳಬೇಡಿ, ಅಂದಕ್ಕಾಗಿ ಮಾಡಿಸಿದ ಆಪರೇಷನ್ನಿಗೆ ಅದು ಬರೋದಿಲ್ಲ. ಆದರೆ ಹೊಕ್ಕುಳಿನ ಹತ್ತಿರ ನಿಜವಾಗಿಯೂ ಹರ್ನಿಯಾ ಇದೆ ಅಂತ ಸ್ಕ್ಯಾನಿಂಗಿನಲ್ಲಿ ಕಂಡುಬಂದರೆ ಅದು ಬೇರೆ ಮಾತು. ಪಾಲಿಸಿಯಲ್ಲಿ ಹೇಳಿದ ಕಾಯುವ ಅವಧಿ ಮುಗಿದಿದ್ದರೆ ಹರ್ನಿಯಾ ರಿಪೇರಿಯ ಖರ್ಚು ಸಿಗಬಹುದು. ಹಾಗಾಗಿ ಅಡ್ಮಿಟ್ ಆಗೋ ಮೊದಲೇ ವಿಮಾ ಕಂಪನಿಗೆ ಬರೆದು ಒಪ್ಪಿಗೆ ಪಡೆದು, ಎರಡರ ಬಿಲ್ಲನ್ನೂ ಬೇರೆ ಬೇರೆ ಮಾಡಿಸಿಕೊಳ್ಳಿ.