ಮೊದಲ ಕರಡನ್ನು ಓದುವವರು ಬೇಕು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಕೆಲವು ಓಣಿಗಳಲ್ಲಿ ಉರ್ದು. ಶಾಲೆಯಲ್ಲಿ ಕನ್ನಡ. ವಿಜ್ಞಾನದ ಪದವಿಗೆ ಸೇರಿದರೆ ಪಾಠ, ಪರೀಕ್ಷೆ, ಪ್ರಾಜೆಕ್ಟ್ ವರದಿ ಎಲ್ಲವೂ ಇಂಗ್ಲಿಷ್. ಸಂತಕವಿ ಕೈವಾರದ ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲೂ ಪದ ಕಟ್ಟಿದ ನೆಲವಿದು. ಇನ್ನೊಂದು ನುಡಿ ಆಡಲು ಇಲ್ಲಿನ ಮಕ್ಕಳು ಅಂಜುವುದಿಲ್ಲ. ಕೈ ನಡುಗುವುದು ಬರೆಯಲು ಕೂತಾಗ.

ಆಗ ಮೊಬೈಲ್ ಹೊರಬರುತ್ತದೆ. ರೇಷ್ಮೆ ಬೆಳೆಯುವ ಮನೆಯ ಹುಡುಗಿಯೊಬ್ಬಳನ್ನೇ ತೆಗೆದುಕೊಳ್ಳಿ. ಹುಳು ಪೊರೆ ಕಳಚುವ ನಾಲ್ಕು ಜ್ವರ ದಾಟುವುದು, ಕೊನೆಯ ಹಂತದಲ್ಲಿ ಸೊಪ್ಪಿನ ಬಹುಪಾಲು ತಿಂದು ಮುಗಿಸುವುದು, ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವುದು, ನೂರು ಚಿಟ್ಟೆಗಳ ಮೊಟ್ಟೆಗೆ ಎಷ್ಟು ಕೆ.ಜಿ. ಗೂಡು ಬಂತೆಂಬ ಲೆಕ್ಕ, ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಸಿಕ್ಕ ದರ ಎಲ್ಲವೂ ಅವಳಿಗೆ ಗೊತ್ತು. ಚಾಟ್‌ಜಿಪಿಟಿ ಬರೆದುಕೊಟ್ಟ ವರದಿಯಲ್ಲಿ ಅವಳ ಮನೆಯ ಈ ಲೆಕ್ಕ ಇರುವುದಿಲ್ಲ. ವ್ಯಾಕರಣ ಸರಿ, ಊರಿಲ್ಲ, ತಿಂಗಳಿಲ್ಲ, ಅಳತೆಯಿಲ್ಲ. ಶೈಕ್ಷಣಿಕ ಬರವಣಿಗೆಯ ಜೀವ ಇರುವುದೇ ಈ ಅಳತೆಯಲ್ಲಿ.

ನಕಲು ತಡೆಯಲೆಂದು, ಸಂಶೋಧನಾ ಪ್ರಬಂಧಗಳಲ್ಲಿ ಬೇರೆಯವರ ಬರಹದ ಹೋಲಿಕೆ ಶೇ 10 ಮೀರಿ 40ರೊಳಗಿದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕೆಂದು ಯುಜಿಸಿ 2018ರಲ್ಲೇ ನಿಯಮ ತಂದಿತು. ಪದ ಅದಲುಬದಲು ಮಾಡಿ ಆ ಅಂಕಿ ಇಳಿಸುವುದನ್ನೇ ಬರವಣಿಗೆ ಎಂದು ಕಲಿಸಿದರೆ ಮಕ್ಕಳಿಗೆ ಮೋಸ ಮಾಡಿದಂತೆ.

ಅದೇ ಮೊಬೈಲ್ ಬೇರೆ ರೀತಿಯಲ್ಲೂ ನೆರವಾಗುತ್ತದೆ. ಅಪ್ಪ ತೆಲುಗಿನಲ್ಲಿ ಹೇಳುವ ಬೆಳೆಯ ಲೆಕ್ಕವನ್ನು ಆ ಹುಡುಗಿ ರೆಕಾರ್ಡ್ ಮಾಡಲಿ. ಕನ್ನಡದಲ್ಲಿ ಮಾತಾಡಿದ್ದನ್ನೇ ಟೈಪ್ ಮಾಡಿಸಿ ಟಿಪ್ಪಣಿ ಮಾಡಿಕೊಳ್ಳಲಿ. ತಪ್ಪಿದ್ದರೂ ಸರಿ, ಮೊದಲ ಇಂಗ್ಲಿಷ್ ಕರಡು ಅವಳದೇ ಇರಲಿ. ತಿದ್ದಲು ಆಮೇಲೆ ತಂತ್ರಾಂಶದ ಸಹಾಯ ಪಡೆಯಲಿ, ಯಾಕೆ ತಿದ್ದಿದೆ ಎಂದೂ ಕೇಳಲಿ. ಗೂಗಲ್ ಡಾಕ್ಸ್‌ನಲ್ಲಿ ಬರೆದು ತಿದ್ದುವ ಅನುಮತಿ ಕೊಟ್ಟರೆ ಯಾವ ವಾಕ್ಯ ಹೇಗೆ ಬದಲಾಯಿತೆಂದು ಅಧ್ಯಾಪಕರಿಗೂ ಕಾಣುತ್ತದೆ.

ಆದರೆ ಆ ಕರಡನ್ನು ತೆರೆದು ಓದುವವರು ಬೇಕಲ್ಲ! ಸರ್ಕಾರಿ ಪದವಿ ಕಾಲೇಜುಗಳು ಬಹಳಮಟ್ಟಿಗೆ ಅತಿಥಿ ಉಪನ್ಯಾಸಕರ ಮೇಲೆ ನಿಂತಿವೆ. ತುಂಬಿದ ತರಗತಿಗಳ ನಡುವೆ ಅವರಿಗೆ ಪುರುಸೊತ್ತಾದರೂ ಎಲ್ಲಿ? ಕಾಲೇಜುಗಳು ವೇಳಾಪಟ್ಟಿಯಲ್ಲಿ ವಾರಕ್ಕೊಂದು ಗಂಟೆಯನ್ನು ಕರಡು ಓದಲೆಂದೇ ಮೀಸಲಿಡಲಿ, ಆ ಗಂಟೆಗೆ ಸಂಬಳವನ್ನೂ ಕೊಡಲಿ.